ಗೊಣಗುವವರ ಪರವಾಗಿ

ಇಂಗ್ಲೆಂಡಿನ ರೆಡಿಂಗ್‌ನಲ್ಲಿ ನೆಲೆಸಿರುವ ನಮ್ಮ ಓದುಗರೊಬ್ಬರ ಪತ್ರವಿದು. ಹೆಸರು ಬೇಡ ಎಂದಿದ್ದಾರೆ.

‘ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ಡಾಕ್ಟರ್ ಹೂ ಎಂಬ ಟಿವಿ ಸರಣಿ ನೋಡುವ ಅಭ್ಯಾಸವಾಯಿತು. ಈಗ ಮಕ್ಕಳೂ ಜೊತೆಗೆ ಕೂರುತ್ತಾರೆ. ಆದರೆ ಶನಿವಾರ ಕಂತು ಮುಗಿಯುವುದೇ ತಡ, ಅಭಿಮಾನಿಗಳು ಅನ್ನಿಸಿಕೊಂಡವರ ಗೊಣಗಾಟ ಶುರುವಾಗುತ್ತದೆ. ಕಥೆ ಸರಿಯಿಲ್ಲ, ಕೊನೆ ಸರಿಯಿಲ್ಲ, ಹಳೆಯ ಡಾಕ್ಟರೇ ವಾಸಿ ಅಂತ. ಇವರ ಕಾಟಕ್ಕೇ ಸರಣಿ ನಿಂತುಹೋಯಿತೇನೋ. ಪುಕ್ಕಟೆ ಮನರಂಜನೆ ಸಿಕ್ಕಾಗ ಸುಮ್ಮನೆ ನೋಡಲು ಏನು ಕಷ್ಟ? ಬೆಲಿಂಡಾಳ ಕಥೆ ಮುಗಿಸಿದ ರೀತಿ ನನಗೂ ಹಿಡಿಸಲಿಲ್ಲ, ಆದರೆ ಊರೆಲ್ಲ ಸಾರಲಿಲ್ಲ. ಇಂಥವರಿಗೆ ಬುದ್ಧಿ ಹೇಳಿ ನಾಲ್ಕು ಮಾತು ಬರೆಯಿರಿ.’

ನಿಮ್ಮ ಪತ್ರ ಓದಿ ಸಂತೋಷವಾಯಿತು, ತಾಯಿ. ದೂರದ ದೇಶದಲ್ಲಿ ಕೂತು, ನೋಡಿದ್ದೊಂದರ ಬಗ್ಗೆ ಕನ್ನಡದಲ್ಲಿ ನಾಲ್ಕು ಪುಟ ಬರೆದಿದ್ದೀರಿ. ಆದರೆ ಬುದ್ಧಿ ಹೇಳುವ ಕೆಲಸ ನನ್ನಿಂದಾಗದು. ಗೊಣಗುವ ಅಭಿಮಾನಿಯ ಪಕ್ಷ ನನ್ನದು.

ನಮ್ಮ ಬೇರೆ ಓದುಗರಿಗಾಗಿ ಒಂದಿಷ್ಟು ಹಿನ್ನೆಲೆ ಹೇಳಿಬಿಡುತ್ತೇನೆ. ‘ಡಾಕ್ಟರ್ ಹೂ’ ಬಿಬಿಸಿಯಲ್ಲಿ ಶುರುವಾದದ್ದು 1963ರ ನವೆಂಬರ್ 23ರಂದು, ಅಮೆರಿಕದ ಅಧ್ಯಕ್ಷ ಕೆನಡಿ ಹತ್ಯೆಯಾದ ಮರುದಿನ. ನೀಲಿ ಪೊಲೀಸ್ ಪೆಟ್ಟಿಗೆಯೊಳಗೆ ಕೂತು ಕಾಲದಲ್ಲಿ ಹಿಂದೆ ಮುಂದೆ ಓಡಾಡುವ, ಅನ್ಯಲೋಕದ ಒಬ್ಬ ಅಲೆಮಾರಿಯ ಕಥೆ. ಸಾಯುವ ಗಳಿಗೆ ಬಂದಾಗ ಅವನು ಹೊಸ ದೇಹ, ಹೊಸ ಮುಖ ತಾಳುತ್ತಾನೆ. 1966ರಲ್ಲಿ ಮೊದಲ ನಟ ವಿಲಿಯಂ ಹಾರ್ಟ್‌ನೆಲ್ ಅವರ ಆರೋಗ್ಯ ಕೈಕೊಟ್ಟಾಗ ಹುಟ್ಟಿಕೊಂಡ ಉಪಾಯವದು. ನಮ್ಮ ದಿನನಿತ್ಯದ ಧಾರಾವಾಹಿಗಳಲ್ಲಿ ನಟ ಬದಲಾದರೆ ಪರದೆಯ ಕೆಳಗೆ ಒಂದು ಸಾಲು ಹಾಕಿ ಮುಂದೆ ಹೋಗುತ್ತಾರೆ. ಅವರು ಆ ಬದಲಾವಣೆಯನ್ನೇ ಕಥೆಯ ಪ್ರಾಣ ಮಾಡಿಕೊಂಡರು. ಮೊಟ್ಟಮೊದಲ ಕಥೆಯನ್ನು ನಿರ್ದೇಶಿಸಿದವರು ಲಖನೌದಲ್ಲಿ ಹುಟ್ಟಿದ ವಾರಿಸ್ ಹುಸೇನ್. ಆಗ ಅವರಿಗೆ ಇಪ್ಪತ್ತೈದು ತುಂಬುತ್ತಿತ್ತು. ನಿರ್ಮಾಪಕಿ ವೆರಿಟಿ ಲ್ಯಾಂಬರ್ಟ್ ಕೂಡ ಇಪ್ಪತ್ತರ ಹರೆಯದವರೇ. ಸರಣಿಯನ್ನು ರೂಪಿಸಿದ ಸಿಡ್ನಿ ನ್ಯೂಮನ್‌ಗೆ ವಿಕಾರ ರಾಕ್ಷಸರ ಕಥೆ ಬೇಡವೇ ಬೇಡವಾಗಿತ್ತು. ಲ್ಯಾಂಬರ್ಟ್ ಹಟ ಹಿಡಿದು ‘ಡಾಲೆಕ್’ ಎಂಬ ಅಂಥ ರಾಕ್ಷಸರನ್ನೇ ತಂದರು. ಮಕ್ಕಳು ಶಾಲೆಯ ಅಂಗಳದಲ್ಲಿ ಡಾಲೆಕ್ ಆಟವಾಡತೊಡಗಿದರು, ಸರಣಿ ಉಳಿಯಿತು. ಈ ಕಥೆಯಲ್ಲಿ ನೋಡುವವರ ಮಾತಿಗೆ ಮೊದಲ ದಿನದಿಂದಲೂ ತೂಕವಿದೆ.

ಈಗ ನಿಮ್ಮ ದೂರಿಗೆ ಬರುತ್ತೇನೆ. ನಿಮ್ಮ ಮಾತಿನಲ್ಲಿ ನ್ಯಾಯವೇ ಇಲ್ಲ ಅನ್ನಲಾರೆ. 2017ರಲ್ಲಿ ಜೋಡಿ ವಿಟಾಕರ್ ಡಾಕ್ಟರ್ ಆಗುತ್ತಾರೆಂದು ಘೋಷಿಸಿದಾಗ, ಹೆಣ್ಣು ಎಂಬ ಒಂದೇ ಕಾರಣಕ್ಕೆ ಹರಿಹಾಯ್ದವರಿದ್ದರು. ಶೂಟಿ ಗಾಟ್ವಾ ಬಂದಾಗ ಬಣ್ಣ ನೋಡಿ ಮುಖ ತಿರುಗಿಸಿದವರೂ ಇದ್ದರು. ಒಂದು ಕಂತನ್ನೂ ನೋಡದೆ ಬೈದ ಅಂಥವರ ಬಗ್ಗೆ ನನಗೆ ಯಾವ ಮಮತೆಯೂ ಇಲ್ಲ. ಅವರನ್ನು ಪಕ್ಕಕ್ಕಿಡೋಣ.

ಉಳಿದವರು ಏನನ್ನು ಗೊಣಗುತ್ತಿದ್ದಾರೆಂದು ಕಿವಿಗೊಟ್ಟು ಕೇಳಿದ್ದೀರಾ? 2024ರ ಋತುವಿನ, ಅಂದರೆ ಆ ವರ್ಷದ ಕಂತುಗಳ, ಉದ್ದಕ್ಕೂ ರೂಬಿ ಸಂಡೇ ಎಂಬ ಹುಡುಗಿಯ ಹೆತ್ತ ತಾಯಿ ಯಾರು ಎಂಬ ಒಗಟನ್ನು ಬೆಳೆಸಿದರು. ಅವಳ ಸುತ್ತ ಹಿಮ ಸುರಿಯಿತು, ಮೃತ್ಯುದೇವತೆ ಸುತೇಖ್‌ಗೂ ಆ ತಾಯಿಯ ಗುರುತು ಸಿಗಲಿಲ್ಲ. ಕೊನೆಗೆ ಆಕೆ ಸಾಮಾನ್ಯ ಹೆಂಗಸು ಎಂದರು. ಸಾಮಾನ್ಯ ಹೆಂಗಸಿನಲ್ಲೂ ಮಹತ್ವ ಕಾಣುವುದು ಒಳ್ಳೆಯ ಯೋಚನೆಯೇ, ಹಾಗೆ ಮೆಚ್ಚಿಕೊಂಡ ಅಭಿಮಾನಿಗಳೂ ಇದ್ದಾರೆ. ಮಿಕ್ಕವರು ಕೇಳಿದ್ದು ಒಂದೇ ಪ್ರಶ್ನೆ: ಹಾಗಾದರೆ ಆ ಹಿಮ ಯಾಕೆ ಸುರಿಯಿತು? ಆ ಪ್ರಶ್ನೆ ನನಗೆ ಗೊಣಗಾಟವಾಗಿ ಕೇಳುವುದಿಲ್ಲ. ಎಂಟೂ ಕಂತು ಕಣ್ಣು ಮಿಟುಕಿಸದೆ ನೋಡಿದವರು ಮಾತ್ರ ಕೇಳಬಲ್ಲ ಪ್ರಶ್ನೆ ಅದು.

ಇನ್ನು ಬೆಲಿಂಡಾ. ಕೇರಳದಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ಬೆಳೆದ ವರದ ಸೇತು ನಿರ್ವಹಿಸಿದ ಬೆಲಿಂಡಾ ಚಂದ್ರ ಎಂಬ ನರ್ಸ್. 2025ರ ಏಪ್ರಿಲ್‌ನ ಮೊದಲ ಕಂತಿನಲ್ಲೇ ತನ್ನ ಒಪ್ಪಿಗೆ ಕೇಳದೆ ತನ್ನ ಡಿಎನ್‌ಎ ಪರೀಕ್ಷಿಸಿದ ಡಾಕ್ಟರನನ್ನು ಅವಳು ನಿಲ್ಲಿಸಿ ತರಾಟೆಗೆ ತೆಗೆದುಕೊಂಡಳು. ನಿನ್ನ ಸಾಹಸಗಳ ಸಾಲಿನಲ್ಲಿ ನನ್ನನ್ನು ಸೇರಿಸಬೇಡ, ನನ್ನನ್ನು ಮನೆಗೆ ಬಿಡು ಅಂದಳು. ನಕ್ಷತ್ರಲೋಕ ತೋರಿಸುತ್ತೇನೆಂದರೆ ಮರುಳಾಗದೆ, ನನಗೆ ನಾಳೆ ಡ್ಯೂಟಿ ಇದೆ ಅನ್ನುವ ಹೆಣ್ಣು! ಎಷ್ಟು ದಿನಕ್ಕೆ ಇಂಥ ಪಾತ್ರ ಬಂತು ಎಂದು ಜನ ಸಂಭ್ರಮಪಟ್ಟರು. ಮೇ 31ರಂದು ಬಂದ ಕೊನೆಯ ಕಂತು ‘ದಿ ರಿಯಾಲಿಟಿ ವಾರ್’ನಲ್ಲಿ ಅವಳಿಗೆ ಮಾಡಿದ್ದೇನು? ಲೋಕ ಉಳಿಸುವ ಹೊತ್ತಿಗೆ ಮಗುವಿನೊಡನೆ ಒಂದು ಪೆಟ್ಟಿಗೆಯೊಳಗೆ ಕೂರಿಸಿದರು. ಆಮೇಲೆ ವಾಸ್ತವವನ್ನೇ ತಿದ್ದಿ, ಅವಳಿಗೆ ಪಾಪಿ (Poppy) ಎಂಬ ಮಗಳು ಮೊದಲಿನಿಂದಲೂ ಇದ್ದಳು, ಮನೆ ಮನೆ ಎಂದು ಹಂಬಲಿಸಿದ್ದು ಮಗಳಿಗಾಗಿಯೇ ಎಂದು ಹಳೆಯ ದೃಶ್ಯಗಳಿಗೂ ಮಾತು ಸೇರಿಸಿದರು. ತಾಯ್ತನದ ಬಗ್ಗೆ ಯಾರಿಗೂ ತಕರಾರಿಲ್ಲ. ಅವಳನ್ನು ಕೇಳದೆ ಅವಳ ಬದುಕನ್ನು ಬದಲಿಸಿದ್ದಕ್ಕೆ ತಕರಾರು. ಒಪ್ಪಿಗೆ ಕೇಳು ಎಂದು ಗದರಿದವಳ ಒಪ್ಪಿಗೆಯನ್ನೇ ಕೊನೆಯಲ್ಲಿ ಯಾರೂ ಕೇಳಲಿಲ್ಲ. ಅಭಿಮಾನಿಗಳು ಇದನ್ನು ಸಾಲುಸಾಲಾಗಿ ಎತ್ತಿ ತೋರಿಸಿದರು. ನೀವೂ ನಿಮ್ಮ ಪತ್ರದಲ್ಲಿ ಅದನ್ನೇ ಹೇಳಿದ್ದೀರಿ. ಅವರನ್ನು ಬೈಯಿರಿ ಅಂತ ಯಾವ ಬಾಯಲ್ಲಿ ಕೇಳುತ್ತೀರಿ?

‘ಪುಕ್ಕಟೆ’ ಅಂದದ್ದೂ ತಪ್ಪು. 2025ರಲ್ಲಿ ನಿಮ್ಮ ದೇಶದಲ್ಲಿ ಟಿವಿ ಲೈಸೆನ್ಸಿಗೆ ವರ್ಷಕ್ಕೆ 174.50 ಪೌಂಡ್ ಇತ್ತು. ಬಿಬಿಸಿ ನಡೆಯುವುದು ಮುಖ್ಯವಾಗಿ ಆ ದುಡ್ಡಿನಿಂದ. ದುಡ್ಡಿನ ಮಾತು ಹಾಗಿರಲಿ. ತಾಳಮದ್ದಳೆಯಲ್ಲಿ ಕರ್ಣ ಸಾಯುತ್ತಾನೆಂದು ಎಲ್ಲರಿಗೂ ಗೊತ್ತು. ಆದರೂ ಬೆಳಗಿನ ಜಾವದವರೆಗೆ ಕೂತು, ಅರ್ಥಧಾರಿ ಯಾವ ಮಾತಿನಲ್ಲಿ ಎಡವಿದ ಎಂದು ಬಸ್ ಸ್ಟ್ಯಾಂಡಿನ ತನಕ ವಾದ ಮಾಡುತ್ತಾ ಹೋಗುವವರಿದ್ದಾರೆ. ಕಲೆ ಉಳಿದಿರುವುದು ಅಂಥವರಿಂದ. ಚಪ್ಪಾಳೆ ತಟ್ಟಿ ಎದ್ದುಹೋದವನಿಗೆ ಮಾರನೆಯ ದಿನ ಪ್ರಸಂಗದ ಹೆಸರೂ ನೆನಪಿರುವುದಿಲ್ಲ.

ಇವರ ಕಾಟಕ್ಕೆ ಸರಣಿ ನಿಂತಿತು ಎಂಬ ನಿಮ್ಮ ಅನುಮಾನವನ್ನು ಇತಿಹಾಸ ಒಪ್ಪುವುದಿಲ್ಲ. ಅರವತ್ತರ ದಶಕದ ಕಂತುಗಳ ಟೇಪುಗಳನ್ನು ಅಳಿಸಿಹಾಕಿದ್ದು ಬಿಬಿಸಿಯೇ. ಟೇಪು ದುಬಾರಿ, ಮರುಬಳಕೆ ಮಾಡೋಣ, ಹಳೆಯದನ್ನು ಮತ್ತೆ ಯಾರು ನೋಡುತ್ತಾರೆ ಎಂಬ ಲೆಕ್ಕಾಚಾರ. ಹಾಗೆ ಕಳೆದುಹೋದ 90ಕ್ಕೂ ಹೆಚ್ಚು ಕಂತುಗಳು ಬಹಳ ಕಾಲ ಸಿಗಲೇ ಇಲ್ಲ. 2013ರಲ್ಲಿ ನೈಜೀರಿಯಾದ ಜೋಸ್ ಪಟ್ಟಣದಲ್ಲಿ ಒಂಬತ್ತು ಕಂತು ಸಿಕ್ಕಾಗ ಹಬ್ಬವೇ ಆಯಿತು. ಆದರೆ ಕಳೆದುಹೋದ ಪ್ರತಿಯೊಂದು ಕಂತಿನ ಧ್ವನಿಯೂ ಇಂದು ಉಳಿದಿದೆ. ಹೇಗೆ ಗೊತ್ತೇ? ಆ ಕಾಲದ ಹುಡುಗರು ಮನೆಯಲ್ಲಿ ಟಿವಿಯ ಧ್ವನಿಯನ್ನು ಟೇಪ್ ರೆಕಾರ್ಡರಿಗೆ ಇಳಿಸಿಕೊಂಡಿದ್ದರು. ಕಳೆದುಹೋದ ಕಥೆಗಳಿಗೆ ಇಂದು ಅನಿಮೇಷನ್ ಮಾಡುವುದು ಆ ಧ್ವನಿಗೇ. ಅವತ್ತಿನ ಅಧಿಕಾರಿಗಳು ಕಸವೆಂದು ಎಣಿಸಿದ್ದನ್ನು ಕಾಯ್ದಿಟ್ಟವರು ಅಭಿಮಾನಿಗಳು.

1985ರಲ್ಲಿ ಸರಣಿಗೆ ಒಂದೂವರೆ ವರ್ಷದ ಬಿಡುವು ಕೊಟ್ಟರು, 1989ರ ಡಿಸೆಂಬರಿನಲ್ಲಿ ಸದ್ದಿಲ್ಲದೆ ಕೈಬಿಟ್ಟರು. ನಡುವೆ 1996ರಲ್ಲಿ ಬಂದ ಒಂದು ಟಿವಿ ಚಿತ್ರ ಬಿಟ್ಟರೆ 2005ರವರೆಗೆ ಪರದೆಯ ಮೇಲೆ ಹೊಸ ಕಥೆಯಿಲ್ಲ. ಆ ಬರಗಾಲದಲ್ಲಿ ಕಾದಂಬರಿ ಬರೆದವರು, ಧ್ವನಿ ನಾಟಕ ಮಾಡಿದವರು, ಪತ್ರಿಕೆ ಕೊಂಡು ಓದಿದವರು ಯಾರು? ಇದೇ ಗೊಣಗುವ ಬಳಗ. 2005ರ ಮಾರ್ಚ್ 26ರಂದು ಅದನ್ನು ಮತ್ತೆ ಎಬ್ಬಿಸಿದ ರಸೆಲ್ ಟಿ. ಡೇವಿಸ್ ಆ ಬಳಗದವರೇ. ಆ ಕಂತನ್ನು ಒಂದು ಕೋಟಿಗೂ ಹೆಚ್ಚು ಮಂದಿ ನೋಡಿದರು. ಅವರ ನಂತರ ಬಂದ ಸ್ಟೀವನ್ ಮೊಫಟ್ ಕೂಡ ಆ ಬಳಗದಿಂದಲೇ ಬಂದವರು.

ಪತ್ರಿಕೆ ನಡೆಸುವ ನನ್ನಂಥವನಿಗೆ ತುಂಬ ಪ್ರಿಯವಾದದ್ದು ಪೀಟರ್ ಕಪಾಲ್ಡಿಯ ಕಥೆ. 1974ರಲ್ಲಿ, ಹದಿನೈದರ ಹುಡುಗ, ‘ರೇಡಿಯೋ ಟೈಮ್ಸ್’ ಪತ್ರಿಕೆ ತಂದ ಡಾಕ್ಟರ್ ಹೂ ವಿಶೇಷ ಸಂಚಿಕೆಯನ್ನು ಮೆಚ್ಚಿ ಗ್ಲ್ಯಾಸ್ಗೋದಿಂದ ಸಂಪಾದಕರಿಗೆ ಪತ್ರ ಬರೆದ. ಅದು ಅಚ್ಚಾಯಿತು. 2013ರಲ್ಲಿ ಆ ಹುಡುಗನೇ ಡಾಕ್ಟರ್ ಆದ. ಓದುಗರ ಪತ್ರಗಳ ಪುಟದಲ್ಲಿ ಯಾರ ಹೆಸರು ಅಚ್ಚಾಗುತ್ತಿದೆಯೋ ನಮಗೆ ತಿಳಿಯುವುದಿಲ್ಲ, ಅದಕ್ಕೇ ಆ ಪುಟವನ್ನು ನಾನು ಯಾರ ಕೈಗೂ ಬಿಟ್ಟುಕೊಡುವುದಿಲ್ಲ.

ಅವರದು ಮೆಚ್ಚುಗೆಯ ಪತ್ರವಲ್ಲವೇ ಎಂದು ನೀವು ಕೇಳಬಹುದು. ಹಾಗಾದರೆ ಕ್ರಿಸ್ ಚಿಬ್ನಾಲ್ ಕಥೆ ಕೇಳಿ. 1986ರಲ್ಲಿ ಬಿಬಿಸಿಯ ‘ಓಪನ್ ಏರ್’ ಕಾರ್ಯಕ್ರಮದಲ್ಲಿ ಹದಿನಾರು ವರ್ಷದ ಆ ಹುಡುಗ, ಆ ವರ್ಷದ ಕಥೆ ಸವಕಲಾಗಿದೆ ಎಂದು ಅದರ ಕೆಲವು ಕಂತು ಬರೆದ ಪಿಪ್ ಮತ್ತು ಜೇನ್ ಬೇಕರ್ ದಂಪತಿಗೆ ನೇರವಾಗಿ ಹೇಳಿದ. ನಿಮ್ಮ ಪ್ರಕಾರ ಆ ಹುಡುಗ ಸುಮ್ಮನೆ ನೋಡಿ ಎದ್ದುಹೋಗಬೇಕಿತ್ತು. ಆತನೇ 2018ರಿಂದ ಸರಣಿಯ ಚುಕ್ಕಾಣಿ ಹಿಡಿದ. ಭಾರತದ ವಿಭಜನೆಯನ್ನು ಕುರಿತ ‘ಡೀಮನ್ಸ್ ಆಫ್ ದಿ ಪಂಜಾಬ್’ ಬಂದದ್ದು ಆತನ ಕಾಲದಲ್ಲಿ. ವಿನಯ್ ಪಟೇಲ್ ಬರೆದ ಆ ಕಂತಿನ ಕೊನೆಯಲ್ಲಿ ಸರಣಿಯ ಶೀರ್ಷಿಕೆ ಸಂಗೀತವನ್ನೇ ನಮ್ಮ ಕಡೆಯ ಗಾಯನದಲ್ಲಿ ಕೇಳಿಸಿದರು. ನಿಮ್ಮ ಮಕ್ಕಳಿಗೆ ಅದನ್ನು ತಪ್ಪದೆ ತೋರಿಸಿ. 2020ರಲ್ಲಿ ಡಾಕ್ಟರನ ಹುಟ್ಟಿನ ಕಥೆಯನ್ನೇ ಬದಲಿಸಿದಾಗ ಹೊಸ ಹುಡುಗರು ಚಿಬ್ನಾಲ್‌ರನ್ನು ತರಾಟೆಗೆ ತೆಗೆದುಕೊಂಡರು. ಅವರಲ್ಲೊಬ್ಬರು ಮುಂದೆ ಅದೇ ಕುರ್ಚಿಯಲ್ಲಿ ಕೂರಬಹುದು.

ಚಿಬ್ನಾಲ್ ನಂತರ ಸರಣಿಗೆ ಮರಳಿ ಬಂದ ಡೇವಿಸ್ ಅವರಿಗೂ ಇದು ಗೊತ್ತು. 2025ರ ‘ಲಕ್ಸ್’ ಕಂತನ್ನೇ ನೋಡಿ. 1952ರ ಮಯಾಮಿಯ ಚಿತ್ರಮಂದಿರದಲ್ಲಿ ಒಂದು ಕಾರ್ಟೂನ್ ಜೀವ ತಳೆದು ಜನರನ್ನು ನುಂಗುತ್ತಿದೆ. ತಪ್ಪಿಸಿಕೊಳ್ಳಲು ಹೆಣಗುವ ಡಾಕ್ಟರ್ ಮತ್ತು ಬೆಲಿಂಡಾ ಟಿವಿ ಪರದೆಯಿಂದ ಆಚೆ ಬಂದು ಮೂವರು ಅಭಿಮಾನಿಗಳ ಹಜಾರಕ್ಕೆ ಬೀಳುತ್ತಾರೆ. ಆ ಮೂವರೂ ಕಥೆಯ ಕೊರತೆ ಹೇಳುತ್ತಾರೆ. ನಿಮಗೆ ಇಷ್ಟವಾದ ಕಂತು ಯಾವುದು ಎಂದರೆ, ಈ ಡಾಕ್ಟರನದು ಯಾವುದನ್ನೂ ಹೇಳದೆ 2007ರ ‘ಬ್ಲಿಂಕ್’ ಅನ್ನುತ್ತಾರೆ. ಡಾಕ್ಟರನ ಮುಖ ಸಪ್ಪಗಾಗುತ್ತದೆ. ಆದರೆ ಅವನು ಹೊರಟುಹೋದರೆ ತಾವು ಇಲ್ಲವಾಗುತ್ತೇವೆಂದು ತಿಳಿದೂ ಅವನನ್ನು ಕಳುಹಿಸಿಕೊಡುವವರು ಅವರೇ. ನನಗೆ ಆ ಋತುವಿನಲ್ಲಿ ಅದಕ್ಕಿಂತ ಮೇಲಿನ ದೃಶ್ಯ ಕಾಣಲಿಲ್ಲ. ಲಾಗೋಸ್‌ನ ಕ್ಷೌರದಂಗಡಿಯಲ್ಲಿ ಕಥೆ ಹೇಳುತ್ತಾ ಕೂತ ಗಂಡಸರ ‘ದಿ ಸ್ಟೋರಿ ಅಂಡ್ ದಿ ಎಂಜಿನ್’ ಮಾತ್ರ ಅದರ ಸಮಕ್ಕೆ ನಿಲ್ಲುತ್ತದೆ. ಅದನ್ನು ಹೊತ್ತು ಮೆರೆಸಿದವರೂ ಗೊಣಗುತ್ತಾರೆಂದು ನೀವು ದೂರುವ ಇದೇ ಜನ.

ನನ್ನ ಸಿಟ್ಟಿರುವುದು ಬೇರೆ ಕಡೆ. ನೋಡುಗನ ಅಭಿಪ್ರಾಯ ಬೇಡ, ನೋಡಿದವರ ಸಂಖ್ಯೆ ಸಾಕು ಎನ್ನುವ ಕಾಲ ಬಂದಿದೆ. ಗಾಟ್ವಾ ಅವರ ಎರಡು ಋತುಗಳಿಗೆ ಡಿಸ್ನಿ ಕೂಡ ಪಾಲುದಾರ. 2025ರ ಅಕ್ಟೋಬರಿನಲ್ಲಿ ಆ ಪಾಲುದಾರಿಕೆ ಮುಗಿಯಿತೆಂದು ಪ್ರಕಟವಾಯಿತು. ಅಲ್ಲಿ ಲೆಕ್ಕಕ್ಕೆ ಬರುವುದು ಎಷ್ಟು ಮಂದಿ ನೋಡಿದರು ಎಂಬುದು. ಹಿಮ ಯಾಕೆ ಸುರಿಯಿತು ಎಂದು ಕೇಳಿದವರನ್ನು ಹಾಕಲು ಆ ಲೆಕ್ಕದಲ್ಲಿ ಕಾಲಂ ಇಲ್ಲ. 1968ರಲ್ಲಿ ಅಮೆರಿಕದ ಎನ್‌ಬಿಸಿ ವಾಹಿನಿಗೆ ‘ಸ್ಟಾರ್ ಟ್ರೆಕ್’ ನಿಲ್ಲಿಸಬೇಡಿ ಎಂದು ರಾಶಿರಾಶಿ ಪತ್ರ ಬಂದಾಗ, ಸರಣಿ ಮುಂದುವರಿಯುತ್ತದೆ ಎಂದು ವಾಹಿನಿಯೇ ಕಂತಿನ ಕೊನೆಗೆ ಘೋಷಿಸಬೇಕಾಯಿತು. ಇಂದು ಅಂಥ ಪತ್ರ ಬರೆದರೆ ಓದುವ ಮನುಷ್ಯನಾದರೂ ಎಲ್ಲಿದ್ದಾನೆ? ನಮ್ಮ ಕಚೇರಿಯಲ್ಲೂ ಹೀಗೇ. ಹಿಂದೆ ಒಂದು ಕಥೆ ಅಚ್ಚಾದರೆ ನಾಯಕಿಯನ್ನು ಯಾಕೆ ಹೀಗೆ ಮಾಡಿದಿರಿ ಎಂದು ಇನ್‌ಲ್ಯಾಂಡ್ ಪತ್ರದ ಅಂಚಿನಲ್ಲೂ ಜಾಗ ಬಿಡದೆ ಬರೆಯುತ್ತಿದ್ದರು. ಈಗ ಹೆಬ್ಬೆರಳಿನ ಚಿತ್ರ ಬರುತ್ತದೆ, ಕೈಮುಗಿದ ಚಿತ್ರ ಬರುತ್ತದೆ. ಕಥೆ ಬರೆದವರಿಗೆ ನಾನು ಏನೆಂದು ಹೇಳಲಿ?

ಹಾಗಾಗಿ ಗೊಣಗುವವರು ಗೊಣಗಲಿ. ಅವರಿಗೆ ಇನ್ನೂ ಉತ್ತರ ಬರಬೇಕಿದೆ. ‘ದಿ ರಿಯಾಲಿಟಿ ವಾರ್’ನ ಕೊನೆಯಲ್ಲಿ ಗಾಟ್ವಾ ಬೆಳಕಾಗಿ ಕರಗಿದಾಗ ಕಂಡದ್ದು 2005ರಲ್ಲಿ ಡಾಕ್ಟರನ ಜೊತೆಗಾತಿ ರೋಸ್ ಆಗಿದ್ದ ಬಿಲ್ಲಿ ಪೈಪರ್ ಮುಖ. ಹೆಸರು ತೋರಿಸಿದರೇ ಹೊರತು ಅವರೇ ಡಾಕ್ಟರ್ ಎಂದು ಬರೆಯಲಿಲ್ಲ. 2026ರ ಕ್ರಿಸ್‌ಮಸ್‌ಗೆ ಡೇವಿಸ್ ಬರೆಯುವ ವಿಶೇಷ ಕಂತು ಬರುತ್ತದೆಂದು ಬಿಬಿಸಿ 2025ರ ಅಕ್ಟೋಬರಿನಲ್ಲಿ ಹೇಳಿತು. ಪೈಪರ್ ಒಗಟಿಗೆ ನಾನು ಕಾಯಬಲ್ಲೆ. ಸೂಸನ್ ವಿಷಯದಲ್ಲಿ ಮಾತ್ರ ತಾಳ್ಮೆಯಿಲ್ಲ. ಡಾಕ್ಟರನ ಮೊಮ್ಮಗಳು ಅವಳು, ಮೊದಲ ಕಂತಿನಲ್ಲೇ ಇದ್ದವಳು. 1964ರಲ್ಲಿ ಅವಳನ್ನು ಭೂಮಿಯ ಮೇಲೆ ಬಿಟ್ಟು ಹೋಗುವಾಗ ಅಜ್ಜ ಒಂದು ದಿನ ಬಂದೇ ಬರುತ್ತೇನೆಂದು ಮಾತು ಕೊಟ್ಟ. ಅರವತ್ತು ವರ್ಷ ಬರಲಿಲ್ಲ. 2025ರಲ್ಲಿ ಅದೇ ನಟಿ ಕ್ಯಾರಲ್ ಆ್ಯನ್ ಫೋರ್ಡ್ ಅವರನ್ನು ಕರೆತಂದು, ನನ್ನನ್ನು ಹುಡುಕು ಎಂದು ಅಜ್ಜನ ಕಣ್ಣೆದುರು ಸುಳಿಯುವಂತೆ ಮಾಡಿದರು. ಋತು ಮುಗಿಯಿತು, ಅಜ್ಜ ಹುಡುಕಲಿಲ್ಲ, ಮುಖವನ್ನೂ ಬದಲಿಸಿಕೊಂಡ. ನಟಿಗೆ ಈಗ ಎಂಬತ್ತೈದು ದಾಟಿದೆ. ಅಭಿಮಾನಿಗಳು ಅವಸರ ಮಾಡುತ್ತಿದ್ದರೆ ಕಾರಣವಿದೆ. ನಾನೂ ಅವರ ಜೊತೆ ನಿಂತು ಕೇಳುತ್ತಿದ್ದೇನೆ: ಸೂಸನ್ ಬಾಗಿಲಿಗೆ ಅಜ್ಜ ಯಾವಾಗ ಬರುತ್ತಾನೆ?

— ಸಂಪಾದಕ