ವೆಬ್‌ಸೈಟ್ ಶುರು ಮಾಡೋದು ಯಾವಾಗ?

ಪ್ರಶ್ನೆ: ಸೋಮವಾರಪೇಟೆ ಹತ್ತಿರ ನಮ್ಮದು ಸಣ್ಣ ತೋಟ. ಕಾಫಿಪುಡಿ, ಕರಿಮೆಣಸು, ಜೇನು ಮಾರೋಕೆ ವೆಬ್‌ಸೈಟ್ ಮಾಡಿಸಿ ನಾಲ್ಕು ತಿಂಗಳಾಯಿತು. ಬಣ್ಣ ಸರಿಯಿಲ್ಲ, ಫೋಟೋ ಸರಿಯಿಲ್ಲ ಅಂತ ಮಗ ಮುಂದಕ್ಕೆ ಹಾಕುತ್ತಲೇ ಇದ್ದಾನೆ. ಯಾವಾಗ ಶುರು ಮಾಡಬಹುದು ಸಾರ್?

ಉತ್ತರ: ಪುಟದ ಬಣ್ಣ ನೋಡಿ ಯಾರೂ ಕಾಫಿಪುಡಿ ಕೊಳ್ಳೋದಿಲ್ಲ ಅಂತ ಮಗನಿಗೆ ಹೇಳಿ. ಇದ್ಯಾವುದೂ ಗೊತ್ತಿಲ್ಲದ ನೆಂಟರೊಬ್ಬರನ್ನು ಕೂರಿಸಿ, ಅವರದೇ ಮೊಬೈಲ್‌ನಲ್ಲಿ ಕಾಲು ಕೆಜಿ ಪುಡಿ ಆರ್ಡರ್ ಮಾಡಿ ಅನ್ನಿ, ನೀವು ಪಕ್ಕದಲ್ಲಿ ಬಾಯಿ ಬಿಡದೆ ಸುಮ್ನೆ ನೋಡುತ್ತಿರಿ. ಅವರು ಎಲ್ಲಿ ತಡವರಿಸುತ್ತಾರೋ ಅಲ್ಲಿ ಕೆಲಸ ಬಾಕಿ ಇದೆ. ತೋಟದಲ್ಲಿ ನೆಟ್‌ವರ್ಕ್ ಒಂದೇ ಕಡ್ಡಿ ಬರೋ ಮೂಲೆ ಇರುತ್ತಲ್ವಾ, ಅಲ್ಲಿ ನಿಂತೂ ತೆರೆದು ನೋಡಿ; ಐದಾರು ಎಂಬಿ ಫೋಟೋ ಹಾಕಿದ್ದರೆ ಸುತ್ತುತ್ತಲೇ ಇರುತ್ತೆ. ನಿಜವಾದ ಹಣ ಕಟ್ಟಿ ಖಾತೆಗೆ ಬಂತಾ ನೋಡಿ, ವಾಪಸ್ಸೂ ಮಾಡಿ ನೋಡಿ. ಎಫ್‌ಎಸ್‌ಎಸ್‌ಎಐ (ಆಹಾರ ಮಾರೋಕೆ ಬೇಕಾದ ಸರ್ಕಾರಿ ನೋಂದಣಿ) ನಂಬರ್, ಫೋನ್ ನಂಬರ್, ಕೊರಿಯರ್ ಖರ್ಚು ಎದ್ದು ಕಾಣಲಿ. ಜಡಿಮಳೆಯಲ್ಲಿ ಪಾರ್ಸೆಲ್ ತಡವಾಗುತ್ತೆ ಅಂತಲೂ ಬರೆದುಬಿಡಿ.

ವೆಬ್‌ಸೈಟ್ ಕಟ್ಟೋ ವರ್ಡ್‌ಪ್ರೆಸ್ ಅನ್ನೋ ಸಾಫ್ಟ್‌ವೇರ್‌ನಲ್ಲಿ ಮಾಡಿಸಿದ್ದರೆ, ಗೂಗಲ್‌ನಲ್ಲಿ ಹುಡುಕುವವರಿಗೆ ಸಿಗದಂತೆ ಅದರ ಸೆಟ್ಟಿಂಗ್ಸ್‌ನಲ್ಲಿ ಹಾಕಿರೋ ಟಿಕ್ ತೆಗೆಸಿ. ನಾನು ಇದನ್ನೇ ಮರೆತು ಎರಡು ತಿಂಗಳು ನೊಣ ಹೊಡೆದಿದ್ದೇನೆ!

ಇಷ್ಟು ಸರಿಯಿದ್ದರೆ ಶುರು ಮಾಡಿಬಿಡಿ, ಫೋಟೋ ಆಮೇಲೆ ಬದಲಾಯಿಸಬಹುದು. ಮೊದಲ ವಾರ ಪರಿಚಯದವರಿಗಷ್ಟೇ ಲಿಂಕ್ ಕಳಿಸಿ. ಅಕ್ಟೋಬರ್‌ನಲ್ಲಿ ದಸರಾಕ್ಕೆ, ತಲಕಾವೇರಿ ತೀರ್ಥೋದ್ಭವಕ್ಕೆ ಜನ ಬರೋ ಹೊತ್ತಲ್ಲೇ ಶುರು ಮಾಡಬೇಡಿ, ಹದಿನೈದು ದಿನ ಮೊದಲೇ ಮಾಡಿ.