ನೆಗಡಿ ಬಾರದೆಯೇ ಕೊಯ್ಸಿಕೊಂಡ ಮೂಗು

ಜಮಖಂಡಿ ತಾಲ್ಲೂಕಿನ ಒಂದು ಹಳ್ಳಿಯಿಂದ ಓದುಗರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ. ಅವರ ಯಜಮಾನರಿಗೆ 58 ವರ್ಷ, ಕಬ್ಬು ಬೆಳೆಯುತ್ತಾರೆ. ಮೂಗಿನ ಪಕ್ಕ ಒಂದು ಸಣ್ಣ ಗಂಟು ಎದ್ದಿತ್ತು. ಹಕ್ಕಳೆ ಕಟ್ಟುವುದು, ಉದುರುವುದು, ರಕ್ತ ಜಿನುಗುವುದು, ಹೀಗೇ ಎರಡು ವರ್ಷ ನಡೆಯಿತು. ಅರಿಶಿನ ಹಚ್ಚಿ ನೋಡಿದರು. ಕೊನೆಗೆ ಬೆಳಗಾವಿಯಲ್ಲಿ ಒಂದು ಚೂರು ತೆಗೆದು ಪರೀಕ್ಷೆ ಮಾಡಿದಾಗ ಬೇಸಲ್ ಸೆಲ್ ಕಾರ್ಸಿನೋಮಾ ಎಂದು ಗೊತ್ತಾಯಿತು. ಅಂದರೆ ಚರ್ಮದ ಕ್ಯಾನ್ಸರ್. ಅಷ್ಟು ಭಾಗ ಕೊಯ್ದು, ಕಿವಿಯ ಹಿಂದಿನ ಚರ್ಮ ತೆಗೆದು ಅಲ್ಲಿ ಹಚ್ಚಿದ್ದಾರೆ. ಅಂಚಿನಲ್ಲಿ ಏನೂ ಉಳಿದಿಲ್ಲ ಎಂದು ರಿಪೋರ್ಟ್ ಬಂದಿದೆ.

ಈ ತಾಯಿಯ ಸಂಕಟ ಬೇರೆ. ಅವರ ಮಾತಿನಲ್ಲೇ ಕೇಳಿ: "ನೋಡಲಿಕ್ಕೆ ಬಂದವರ ಮುಂದೆಲ್ಲ ಇವರು, ‘ನೆಗಡಿ ಬಂತಂತ ಯಾರೂ ಮೂಗು ಕೊಯ್ಕೊಳ್ಳೂದಿಲ್ಲ. ನನಗ ನೆಗಡೀನೂ ಬಂದಿರಲಿಲ್ಲ, ಕೊಯ್ದೇ ಬಿಟ್ರು ನೋಡ್ರಿ’ ಅನ್ನುತ್ತಾರೆ. ಎಲ್ಲರೂ ನಗುತ್ತಾರೆ. ನಾನು ಒಳಗೆ ಹೋಗಿ ಅಳುತ್ತೇನೆ. ಇಂಥ ರೋಗದ ಬಗ್ಗೆ ನಗಬಾರದು, ತಿರುಗಿ ಬರುತ್ತದೆ ಅಂತ ಅತ್ತೆ ಬೈಯುತ್ತಾರೆ. ಇವರನ್ನು ಸುಮ್ಮನಿರಿಸುವುದು ಹೇಗೆ?"

ಅಕ್ಕಾವರೇ, ಸುಮ್ಮನಿರಿಸಬೇಡಿ.

ಯಾಕೆ ಇಷ್ಟು ಖಡಾಖಂಡಿತವಾಗಿ ಹೇಳುತ್ತಿದ್ದೇನೆ ಅಂದರೆ, ನಮ್ಮ ಮನೆಯಲ್ಲಿ ಒಬ್ಬರನ್ನು ನಾವು ಸುಮ್ಮನಿರಿಸಿದ್ದೇವೆ. ವಿಜಯಪುರದ ನನ್ನ ಸೋದರಮಾವ ಜೀವಮಾನವಿಡೀ ಧೋತರ ಉಟ್ಟವರು. ಬಿಗಿಯಾಗಿ, ಅದೇ ಜಾಗದಲ್ಲಿ ಗಂಟು. ಸೊಂಟದ ಮೇಲೆ ಮೊದಲು ಕಪ್ಪು ಪಟ್ಟಿ ಬಿತ್ತು, ಆಮೇಲೆ ಗಾಯವಾಯಿತು. ಆ ಗಾಯ ಮಾಯಲೇ ಇಲ್ಲ. ಅದು ಸ್ಕ್ವಾಮಸ್ ಸೆಲ್ ಎಂಬ ಚರ್ಮದ ಕ್ಯಾನ್ಸರ್. ಮುಂಬೈಯ ಡಾ. ವಿ. ಆರ್. ಖಾನೋಲ್ಕರ್ ಅವರು ಇದನ್ನು 1945ರಲ್ಲೇ ವಿವರಿಸಿ ಬರೆದಿದ್ದರು. ವೈದ್ಯರು ಇದನ್ನು ಧೋತಿ ಕ್ಯಾನ್ಸರ್ ಅನ್ನುತ್ತಾರೆ. ಪರಕರದ ಲಾಡಿ ಬಿಗಿಯುವ ಹೆಂಗಸರಿಗೂ ಬರುವುದುಂಟು, ಅದಕ್ಕೆ ಸೀರೆ ಕ್ಯಾನ್ಸರ್ ಎಂಬ ಹೆಸರೂ ಇದೆ. ಇದನ್ನು ಓದುತ್ತಿರುವ ಅಕ್ಕತಂಗಿಯರು ಸೊಂಟದ ಮೇಲೆ ಮಾಯದ ಗಾಯ ಇದ್ದರೆ ದಯವಿಟ್ಟು ಇವತ್ತೇ ತೋರಿಸಿ.

ನಾವು ಮಾವನನ್ನು ತೋರಿಸಿದ್ದು ತಡವಾಗಿ. ಅಷ್ಟರಲ್ಲಿ ತೊಡೆಯ ಸಂದಿನ ಗಂಟುಗಳಿಗೆ ಹಬ್ಬಿತ್ತು. ಮಿರಜಿಗೆ ಕರೆದುಕೊಂಡು ಹೋಗಿ ಬಂದೆವು. ಮನೆಯಲ್ಲಿ ಯಾರೂ ರೋಗದ ಹೆಸರು ಎತ್ತಲಿಲ್ಲ. ‘ಗಾಯ’ ಅನ್ನುತ್ತಿದ್ದೆವು, ಅಷ್ಟೇ. ಒಮ್ಮೆ ಬಸ್ಸಿನಲ್ಲಿ ವಾಪಸ್ ಬರುವಾಗ, ಅಥಣಿ ದಾಟಿದ ಮೇಲೆ, ಮಾವ ನನ್ನ ಕಡೆ ತಿರುಗಿ ಹೇಳಿದರು: "ಧೋತರ ಬಿಗಿ ಕಟ್ಟಿದ್ದಕ್ಕ ನನಗ ಇದು ಬಂತಂತ. ನೀವೆಲ್ಲಾ ಬಾಯಿ ಬಿಗಿ ಕಟ್ಕೊಂಡೀರಿ. ನಿಮಗೇನು ಬರ್ತದೋ ಏನೋ!" ಅವರ ಕಣ್ಣಲ್ಲಿ ನಗು ಇತ್ತು. ನಾನು ಕಿಟಕಿಯ ಹೊರಗೆ ನೋಡಿದೆ. ಮಾವ ಮತ್ತೆಂದೂ ಆ ಮಾತು ತೆಗೆಯಲಿಲ್ಲ. ಮರುವರ್ಷ ತೀರಿಕೊಂಡರು. ಅವತ್ತು ನಾನು ನಕ್ಕಿದ್ದರೆ ಅವರು ಇನ್ನೇನು ಹೇಳುತ್ತಿದ್ದರೋ ಎಂದು ಈಗಲೂ ಅನ್ನಿಸುತ್ತದೆ.

ನಿಮ್ಮ ಯಜಮಾನರದು ಅಂಥ ಪರಿಸ್ಥಿತಿ ಅಲ್ಲ, ಇದನ್ನು ಗಟ್ಟಿಯಾಗಿ ಮನಸ್ಸಿಗೆ ತಂದುಕೊಳ್ಳಿ. ಬೇಸಲ್ ಸೆಲ್ ನಿಧಾನವಾಗಿ ಬೆಳೆಯುವಂಥದ್ದು. ದೇಹದ ಬೇರೆ ಭಾಗಕ್ಕೆ ಹೋಗುವುದು ತೀರಾ ಅಪರೂಪ. ಹಾಗೇ ಬಿಟ್ಟಿದ್ದರೆ ಮೂಗನ್ನು, ಕಣ್ಣಿನ ಅಂಚನ್ನು, ಎಲುಬನ್ನೂ ತಿನ್ನುತ್ತಿತ್ತು. ನೀವು ಬಿಡಲಿಲ್ಲ. ಪೂರ್ತಿ ತೆಗೆದರೆ ಹೆಚ್ಚಿನವರಿಗೆ ವಾಸಿಯಾಗುತ್ತದೆ. ವರ್ಷಾನುಗಟ್ಟಲೆ ಬಿಸಿಲು ತಿಂದ ಜಾಗದಲ್ಲೇ ಇದು ಜಾಸ್ತಿ ಬರುವುದು, ಅದರಲ್ಲೂ ಮೂಗಿನ ಮೇಲೆ. ನಮ್ಮ ಕಂದು ಚರ್ಮಕ್ಕೆ ಬಿಳಿಯರಿಗಿಂತ ರಕ್ಷಣೆ ಹೆಚ್ಚು ಅನ್ನುವುದು ನಿಜ. ಆದರೆ ಅದರಿಂದಲೇ ನಮಗೆ ಅನುಮಾನವೂ ಬೇಗ ಬರುವುದಿಲ್ಲ.

ನಗುವುದರಿಂದ ಇದು ತಿರುಗಿ ಬರುವುದಿಲ್ಲ. ಮುಟ್ಟಿದರೆ ಅಂಟುವುದಿಲ್ಲ. ಅತ್ತೆಯವರಿಗೆ ಇದನ್ನು ನೀವು ಹೇಳಿದರೆ ಜಗಳವಾಗಬಹುದು. ಮುಂದಿನ ಸಲ ಅವರನ್ನೂ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ, ಅವರ ಬಾಯಿಂದಲೇ ಕೇಳಿಸಿ. ಮಗನ ಮೂಗು ಕೊಯ್ದರು ಅಂದರೆ ಆ ಮುದುಕಿಯ ಹೊಟ್ಟೆಯಲ್ಲಿ ಎಷ್ಟು ಸಂಕಟ ಇರಬೇಡ, ಅಲ್ವಾ? ಅವರ ಬೈಗುಳವೂ ಅಂಜಿಕೆಯೇ.

ಪತ್ರದ ಮೂರನೇ ಪುಟದಲ್ಲಿ ನೀವು ಬರೆದ ಎರಡು ಸಂಗತಿಗಳು ನನ್ನನ್ನು ಬಹಳ ಕಾಡಿದವು. ಒಂದು, ಮದುವೆಮನೆಯಲ್ಲಿ ಬೀಗರೊಬ್ಬರು ಎಲ್ಲರ ಮುಂದೆ "ಬಾರಪ್ಪಾ, ಶೂರ್ಪನಖಿ ಅಣ್ಣಾ" ಅಂದದ್ದು. ಅವತ್ತು ನಿಮ್ಮವರು ಮನೆಗೆ ಬಂದು ಊಟ ಮಾಡದೆ ಮಲಗಿದರು ಅಂದಿರಿ. ಮೂಗಿನ ಬಗ್ಗೆ ತಾನೇ ದಿನವೂ ಚೇಷ್ಟೆ ಮಾಡುವ ಮನುಷ್ಯನಿಗೆ ಆ ಒಂದು ಮಾತು ತಡೆಯಲಿಲ್ಲ. ಗಾಯ ಅವರದು, ಆದ್ದರಿಂದ ಅದರ ಮೇಲಿನ ಚೇಷ್ಟೆಯೂ ಅವರದೇ. ಬೇರೆಯವರು ಕೇಳಿ ನಗಬಹುದು, ತಾವಾಗಿ ಶುರು ಮಾಡಬಾರದು. ಆ ಬೀಗರಿಗೆ ಯಾರಾದರೂ ಹಿರಿಯರಿಂದ ಇದನ್ನು ಹೇಳಿಸಿ. ನಿಮ್ಮ ಸಿಟ್ಟು ನ್ಯಾಯವಾಗಿ ಸಲ್ಲಬೇಕಾದದ್ದು ಅಲ್ಲಿಗೆ.

ಇನ್ನೊಂದು, ರಾತ್ರಿ ಲೈಟ್ ಆರಿಸಿದ ಮೇಲೆ ಅವರು ಕತ್ತಲಲ್ಲಿ ಮೂಗು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಾರೆ ಅಂದಿರಿ. ನೀವು ನಿದ್ದೆ ಬಂದವರಂತೆ ಮಲಗಿರುತ್ತೀರಿ. ಹಗಲಿನ ಚೇಷ್ಟೆ ನೋಡಿ ಅವರಿಗೆ ಅಂಜಿಕೆಯೇ ಇಲ್ಲ ಅಂದುಕೊಳ್ಳಬೇಡಿ. ಕ್ಯಾನ್ಸರ್ ಎಂಬ ಮಾತನ್ನು ಮನೆಯೊಳಗೆ ತರಲು ಅವರಿಗೆ ಸಿಕ್ಕ ದಾರಿ ಅದೊಂದೇ. ಅವರು ಅಂದಾಗ ನೀವು ಒಳಗೆ ಹೋದರೆ ಅವರ ಮಾತು ಬಂದವರ ಪಾಲಾಗುತ್ತದೆ. ಒಂದು ದಿನ ಒಳಗೆ ಹೋಗದೆ ಪಕ್ಕದಲ್ಲೇ ಕೂತು ನೋಡಿ. ನಗು ಬಂದರೆ ನಗಿ. ಅಳು ಬಂದರೆ ಅವರೆದುರೇ ಅಳಿ, ತಪ್ಪಿಲ್ಲ. ರಾತ್ರಿ ಅವರ ಕೈ ಮೂಗಿನ ಮೇಲೆ ಹೋದಾಗ "ಅಂಜಿಕಿ ಆಗ್ತದೇನ್ರಿ?" ಅಂತ ಕೇಳಿ. ನಿಮಗಾಗುವ ಅಂಜಿಕೆಯನ್ನೂ ಹೇಳಿ.

ಚೇಷ್ಟೆ ಎಷ್ಟೇ ಇರಲಿ, ತಪಾಸಣೆ ಮಾತ್ರ ತಪ್ಪಬಾರದು. ಒಮ್ಮೆ ಬಂದವರಿಗೆ ಚರ್ಮದ ಇನ್ನೊಂದು ಕಡೆ ಹೊಸದು ಏಳುವ ಸಾಧ್ಯತೆ ಇರುತ್ತದೆ. "ಏನಾಗೂದಿಲ್ಲ ಬಿಡು" ಎಂದು ನಗಿಸಿ ತಪ್ಪಿಸಿಕೊಳ್ಳಲು ನೋಡಿದರೆ, ಅಲ್ಲಿ ನಗಬೇಡಿ. ಡಾಕ್ಟರು ಹೇಳಿದ ತಾರೀಖಿಗೆ ಹೊರಡಿಸಿ. ಎಣ್ಣೆ ಹಚ್ಚಿ ನೀರು ಹಾಕುವ ದಿನ ಬೆನ್ನು, ಕುತ್ತಿಗೆ, ಕಿವಿ ನೀವೇ ನೋಡಿ. ಅಂಗಾಲು, ಉಗುರಿನ ಬುಡ ಕೂಡ. ಮೆಲನೋಮಾ ಎಂಬ ಹೆಚ್ಚು ಅಪಾಯದ ಬಗೆ ನಮ್ಮಂಥ ಚರ್ಮದವರಲ್ಲಿ ಹೆಚ್ಚಾಗಿ ಅಲ್ಲೇ ಕಾಣಿಸುವುದು. ಹೊಲಕ್ಕೆ ಬಿಳಿ ಟೋಪಿ ಹಾಕಿಕೊಂಡು ಹೋಗುತ್ತಾರೆ ಅಂದಿರಿ. ಅದರ ನೆರಳು ಮೂಗಿನವರೆಗೆ ಬರುವುದಿಲ್ಲ. ಅಗಲ ಅಂಚಿನ ಟೋಪಿ ಕೊಡಿಸಿ, ಇಲ್ಲವೇ ಟವೆಲನ್ನು ಮುಖಕ್ಕೆ ನೆರಳು ಬೀಳುವಂತೆ ಕಟ್ಟಿಕೊಳ್ಳಲಿ. ಬೆಳಗ್ಗೆ 10ರಿಂದ ಸಂಜೆ 4ರವರೆಗಿನ ಬಿಸಿಲು ಆದಷ್ಟು ತಪ್ಪಿಸಲಿ. ಕಬ್ಬು ಕಡಿಯುವ ಕಾಲದಲ್ಲಿ ಇದು ಕಷ್ಟ, ನನಗೂ ಗೊತ್ತು.

ನಿಮ್ಮ ಪತ್ರವನ್ನು ನಮ್ಮ ಕಚೇರಿಯಲ್ಲಿ ಗಟ್ಟಿಯಾಗಿ ಓದಿದೆ. ನೆಗಡಿಯ ಮಾತು ಬಂದಾಗ ಎಲ್ಲರೂ ನಕ್ಕರು. ಪ್ರೂಫ್ ನೋಡುವ ನಮ್ಮ ಹಿರಿಯರು ಕಣ್ಣೊರೆಸಿಕೊಂಡರು. ಇದನ್ನು ಯಜಮಾನರಿಗೆ ಹೇಳಿ. ಮುಂದಿನ ತಪಾಸಣೆಗೆ ಬೆಳಗಾವಿಗೆ ಬಂದಾಗ ಇಬ್ಬರೂ ಕಚೇರಿಗೆ ಬನ್ನಿ, ಅತ್ತೆಯವರನ್ನೂ ಕರೆದುಕೊಂಡು. ಚಹಾ ಕುಡಿಯೋಣ. ಆ ಮಾತನ್ನು ನಾನು ಅವರ ಬಾಯಿಂದಲೇ ಕೇಳಬೇಕು.