ಅಜ್ಜಿಯ ವಯಸ್ಸು ಮತ್ತು ಕಡೂರು ಜಿಲ್ಲೆಯ ಲೆಕ್ಕ

ಪ್ರಶ್ನೆ: ನಮ್ಮೂರಿನ ಇತಿಹಾಸ ಬರೆಯೋಣ ಅಂತ 1901ರ ಜನಗಣತಿ ಪಟ್ಟಿ ನೋಡುತ್ತಿದ್ದೆ. ಜಿಲ್ಲೆಯಲ್ಲಿ ಹೆಂಗಸರಿಗಿಂತ ಗಂಡಸರೇ ಜಾಸ್ತಿ. ಆಗಲೂ ಹೆಣ್ಣುಮಕ್ಕಳನ್ನು ಕೊಲ್ಲುತ್ತಿದ್ದರಾ? ಇನ್ನೊಂದು ಸಂಶಯ. 45ರಿಂದ 49 ವರ್ಷದವರಿಗಿಂತ 50ರಿಂದ 54ರವರು ಹೆಚ್ಚು ಕಾಣುತ್ತಾರೆ. ವಯಸ್ಸು ಏರಿದ ಹಾಗೆ ಜನ ಕಮ್ಮಿಯಾಗಬೇಕು ಅಲ್ವಾ? (ಮೂಡಿಗೆರೆಯ ಓದುಗರು)

ಉತ್ತರ: ಕೊಲೆಯ ತೀರ್ಮಾನಕ್ಕೆ ಅಷ್ಟು ಬೇಗ ಹೋಗಬೇಡಿ. ನಮ್ಮ ಚಿಕ್ಕಮಗಳೂರು ಜಿಲ್ಲೆಗೆ ಆಗ ಕಡೂರು ಜಿಲ್ಲೆ ಅಂತ ಹೆಸರು. 1901ರಲ್ಲಿ ಒಟ್ಟು ಜನ ಸುಮಾರು 3 ಲಕ್ಷ 62 ಸಾವಿರ. ಆಗಿನ ಗಣತಿ ಒಂದೇ ರಾತ್ರಿಯದು, ಮಾರ್ಚ್ 1ರ ರಾತ್ರಿ ಯಾರು ಎಲ್ಲಿ ಮಲಗಿದ್ದರೋ ಅಲ್ಲಿಯ ಲೆಕ್ಕಕ್ಕೆ ಸೇರಿದರು. ಮಳೆಗಾಲಕ್ಕೆ ಮುಂಚೆ ಊರಿಗೆ ವಾಪಸ್ ಹೋಗುವ ತೋಟದ ಆಳುಗಳು ಆ ಹೊತ್ತಿಗೆ ಇನ್ನೂ ಇಲ್ಲೇ ಇರುತ್ತಿದ್ದರು. ಮೇಸ್ತ್ರಿಗಳು ಮುಂಗಡ ಕೊಟ್ಟು ಘಟ್ಟದ ಕೆಳಗಿನಿಂದ, ತಮಿಳು ಸೀಮೆಯಿಂದ ಕರೆತಂದ ಇವರಲ್ಲಿ ಗಂಡಾಳುಗಳೇ ಜಾಸ್ತಿ, ಎಷ್ಟೋ ಜನರ ಹೆಂಡತಿ ಮಕ್ಕಳು ಊರಲ್ಲೇ ಉಳಿಯುತ್ತಿದ್ದರು. ಅದೇ ಕಾಲದ ದಕ್ಷಿಣ ಕನ್ನಡದ ಪಟ್ಟಿ ನೋಡಿ, ಅಲ್ಲಿ ಹೆಂಗಸರೇ ಹೆಚ್ಚು. ಇಲ್ಲಿ ಜಾಸ್ತಿಯಾದ ಗಂಡಸರಲ್ಲಿ ಒಂದಷ್ಟು ಜನ ಅಲ್ಲಿ ಕಮ್ಮಿಯಾದವರೇ.

ಆದರೆ ಇಷ್ಟಕ್ಕೇ ನಿಲ್ಲಿಸಬೇಡಿ, ಯಾಕೆಂದರೆ ಹೆಂಗಸರು ನಿಜವಾಗಿಯೂ ಸಾಯುತ್ತಿದ್ದರು. ಮಲೆನಾಡಿನ ಚಳಿಜ್ವರ, ಅಂದರೆ ಮಲೇರಿಯಾ, ಮೂಡಿಗೆರೆ, ಕೊಪ್ಪ, ಆಚೆ ಮಂಜರಾಬಾದು (ಈಗಿನ ಸಕಲೇಶಪುರ) ಕಡೆ ಮನೆಮನೆಯಲ್ಲೂ ಇತ್ತು. ಮಕ್ಕಳ ಹೊಟ್ಟೆಯಲ್ಲಿ ಜ್ವರಗಡ್ಡೆ, ಅಂದರೆ ಜ್ವರದಿಂದ ಊದಿದ ಗುಲ್ಮ (ಸ್ಪ್ಲೀನ್). ಬಸುರಿಯರಿಗೆ ಈ ಜ್ವರ ಬಂದರೆ ರಕ್ತ ಇಳಿದುಹೋಗುತ್ತದೆ, ಗರ್ಭ ನಿಲ್ಲುವುದಿಲ್ಲ, ನಿಂತರೂ ಹೆರಿಗೆಯಲ್ಲಿ ತಾಯಿ ಉಳಿಯುವುದು ಕಷ್ಟ. ಹೀಗೆ ಹೋದ ಹೆಂಗಸರ ಬಗ್ಗೆ ಆ ಪಟ್ಟಿಯಲ್ಲಿ ಒಂದು ಸಾಲೂ ಇಲ್ಲ, ಹೆಂಗಸರ ಕಾಲಂನಲ್ಲಿ ಅಂಕಿ ಸಣ್ಣದಾಗಿದೆ ಅಷ್ಟೇ. ನನಗೆ ಆ ಪಟ್ಟಿ ನೋಡಿದಾಗಲೆಲ್ಲ ಹೊಟ್ಟೆಗೆ ಸಂಕಟವಾಗುತ್ತದೆ. ಅದಕ್ಕೇ ಜಿಲ್ಲೆಯ ಒಟ್ಟು ಲೆಕ್ಕ ನೋಡಿ ಸುಮ್ನೆ ಆಗಬೇಡಿ, ತಾಲ್ಲೂಕುಗಳನ್ನು ಬೇರೆ ಬೇರೆ ಇಟ್ಟು ನೋಡಿ. ತರೀಕೆರೆ, ಕಡೂರಿನ ಬಯಲುಸೀಮೆಯ ಕಥೆಯೇ ಬೇರೆ.

ಈಚೆಗೆ ಈ ಲೆಕ್ಕ ತಿರುಗಿದೆ. 2011ರಲ್ಲಿ 1000 ಗಂಡಸರಿಗೆ ಹಾಸನದಲ್ಲಿ 1010, ಚಿಕ್ಕಮಗಳೂರಿನಲ್ಲಿ 1008 ಹೆಂಗಸರು. ಹೆಂಗಸರು ಈಗ ಹೆಚ್ಚು ವರ್ಷ ಬದುಕುತ್ತಾರೆ, ಮತ್ತೆ ನಮ್ಮ ಹುಡುಗರು ಕೆಲಸಕ್ಕೆ ಬೆಂಗಳೂರಿಗೆ ಹೋಗಿದ್ದಾರೆ.

ಇನ್ನು 50ರ ವಿಷಯ. ಹುಟ್ಟಿದ ತಾರೀಖು ಬರೆದಿಟ್ಟವರೇ ಕಮ್ಮಿ. ಗಣತಿಯವರು ಬಂದು ವಯಸ್ಸು ಕೇಳಿದರೆ ಜನ "ಮೂವತ್ತಿರಬಹುದು", "ಐವತ್ತು ಬರ್ಕೊಳ್ಳಿ" ಅನ್ನುತ್ತಿದ್ದರು. 47ರವರೂ 52ರವರೂ ಬಂದು 50ರಲ್ಲಿ ಕೂತರು. ಹಾಗಾಗಿ ಸೊನ್ನೆಯಿಂದ ಮುಗಿಯುವ ವಯಸ್ಸಿನ ಗುಂಪು ಉಬ್ಬುತ್ತದೆ, ಪಕ್ಕದ್ದು ಸೊರಗುತ್ತದೆ. ಪಟ್ಟಿಯನ್ನು 10 ವರ್ಷದ ಗುಂಪು ಮಾಡಿಕೊಂಡರೆ ಈ ತೊಂದರೆ ಎಷ್ಟೋ ಕಮ್ಮಿಯಾಗುತ್ತದೆ.

ಪ್ರಶ್ನೆ: ನಮ್ಮ ಮುತ್ತಜ್ಜಿ ಧಾತು ಬರದಲ್ಲಿ ಹುಟ್ಟಿದ್ದು ಅಂತ ಅಜ್ಜಿ ಹೇಳುತ್ತಿದ್ದರು. ಅದು ಯಾವ ಇಸವಿ? (ಚನ್ನರಾಯಪಟ್ಟಣದ ಓದುಗರು)

ಉತ್ತರ: ಧಾತು ಸಂವತ್ಸರ ಅಂದರೆ 1876ರ ಯುಗಾದಿಯಿಂದ 1877ರ ಯುಗಾದಿವರೆಗೆ. ಮುಂದಿನದು ಈಶ್ವರ, ಆ ವರ್ಷವೂ ಬರವೇ. ಮೈಸೂರು ಸಂಸ್ಥಾನದ ಜನ 1871ರಲ್ಲಿ 50 ಲಕ್ಷ ದಾಟಿದ್ದರು, 1881ರ ಹೊತ್ತಿಗೆ 42 ಲಕ್ಷಕ್ಕೆ ಇಳಿದರು. ಮಳೆಯನ್ನೇ ನಂಬಿದ ನಿಮ್ಮ ಬಯಲುಸೀಮೆಗೆ ಹೊಡೆತ ಜೋರಾಗಿಯೇ ಬಿತ್ತು. ಸತ್ತವರು ಒಂದು ಕಡೆ, ಹುಟ್ಟದೇ ಹೋದವರು ಇನ್ನೊಂದು ಕಡೆ, ಏಕೆಂದರೆ ಹೊಟ್ಟೆಗಿಲ್ಲದ ಹೆಂಗಸರಿಗೆ ಗರ್ಭ ನಿಲ್ಲುವುದೇ ಅಪರೂಪ. ಹಾಗಾಗಿ 1881ರ ಪಟ್ಟಿಯಲ್ಲಿ ಪುಟ್ಟ ಮಕ್ಕಳ ಜಾಗ ಒಳಕ್ಕೆ ತಗ್ಗಿದೆ. ಆ ತಗ್ಗು ಅಲ್ಲೇ ನಿಲ್ಲಲಿಲ್ಲ, 1891ರಲ್ಲಿ ಹದಿಹರೆಯದವರಲ್ಲಿ, 1901ರಲ್ಲಿ ಇಪ್ಪತ್ತೈದರ ಆಸುಪಾಸಿನಲ್ಲಿ ಮೇಲೆ ಸರಿಯುತ್ತಾ ಬಂತು. ಆ ವಯಸ್ಸಿನ ತಾಯಂದಿರೇ ಕಮ್ಮಿ ಇದ್ದಾಗ ಅವರ ಮಕ್ಕಳೂ ಕಮ್ಮಿ. ಅಂಥ ವರ್ಷದಲ್ಲಿ ಹುಟ್ಟಿ ಬದುಕಿ ಮೊಮ್ಮಕ್ಕಳನ್ನು ಕಂಡವರು ನಿಮ್ಮ ಮುತ್ತಜ್ಜಿ.

ಮನೆಯ ಹಿರಿಯರ ಹತ್ತಿರ ಇಸವಿ ಕೇಳಬೇಡಿ, ಸಂವತ್ಸರ ಕೇಳಿ. ಕಾಳಯುಕ್ತಿ ಅಂದರೆ 1918, ಇನ್‌ಫ್ಲುಯೆಂಜಾ ಬಂದ ವರ್ಷ. ಸಂವತ್ಸರ ಮರೆತಿದ್ದರೆ ಪ್ಲೇಗಿಗೆ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿದಾಗ ಯಾರು ಕಂಕುಳಲ್ಲಿದ್ದರು, ಯಾರು ನಡೆಯುತ್ತಿದ್ದರು ಅಂತ ಕೇಳಿ. ಒಂದೇ ಹೆಸರಿನ ಸಂವತ್ಸರ 60 ವರ್ಷಕ್ಕೊಮ್ಮೆ ಬರುತ್ತದೆ, ತಲೆಮಾರು ಎಣಿಸಿ ನೋಡಿಕೊಳ್ಳಿ. ಧಾತು 1936ರಲ್ಲೂ ಬಂದಿತ್ತು.